ಮೀನು ಬರುವ ತನಕ

ಅಯ್ಯನವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಹಾಂತೇಶ ನಗರದ ಏರು ಹತ್ತುವಾಗ, ತನ್ನ ಸುಳ್ಳು ಬೆನ್ನ ಮೇಲೆಯೇ ಬರೆದಿದೆ, ಅವರು ಕೂತಲ್ಲೇ ಅದನ್ನು ಓದುತ್ತಿದ್ದಾರೆ ಅನ್ನಿಸಿತು ಓಂಕಾರನಿಗೆ. ಶ್ರಾವಣ ಸೋಮವಾರ. ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ಅಯ್ಯನವರು ಒಂದು ಕೈಯಲ್ಲಿ ಜೋಳಿಗೆ ಹಿಡಿದು ಇನ್ನೊಂದನ್ನು ಅವನ ಭುಜದ ಮೇಲಿಟ್ಟು ಗುಂಡಿ ಬಂದಾಗಲೆಲ್ಲ ‘ಶಿವಾ’ ಅನ್ನುತ್ತಿದ್ದರು.

“ಅಕ್ಕಾರು ಹೆಂಗದಾರ್ರಿ ಈಗ?”

“ಅದಾಳ್ರಿ ಅಯ್ನಾರ. ನಾಳೆ ಮತ್ತ ಡಯಾಲಿಸಿಸ್ ಐತಿ.”

“ಮತ್ತ ನಿಮ್ಮ ಮೀನಾ? ಹೋದ ಸೋಮವಾರ ಬಂದಾಗೂ ಆ ಗಾಜಿನ ಪೆಟಗ್ಯಾಗ ಬರೇ ನೀರಽ ಇತ್ತು.”

“ಇನ್ನೂ ನೀರು ತಯಾರಾಗಿಲ್ರಿ.”

“ನೀರೂ ತಯಾರಾಗಬೇಕೇನ್ರಿ?” ಎಂದು ಅಯ್ಯನವರು ನಕ್ಕರು. ಓಂಕಾರ ವಿವರಿಸಿದ. ಪಿಯು ಕಾಲೇಜಿನಲ್ಲಿ ವರ್ಷಾನುಗಟ್ಟಲೆ ರಸಾಯನಶಾಸ್ತ್ರ ಕಲಿಸಿದವನಿಗೆ ವಿವರಿಸುವುದೆಂದರೆ ಅಡಗಿಕೊಳ್ಳಲು ಒಳ್ಳೆಯ ಜಾಗ. ಮೀನು ತಾನು ಇರುವ ನೀರಿನಲ್ಲೇ ಉಚ್ಚೆ ಹೊಯ್ಯುತ್ತದೆ, ಅದು ಅಮೋನಿಯಾ, ವಿಷ. ಆ ವಿಷವನ್ನು ತಿಂದು ಬದುಕುವ ಕಣ್ಣಿಗೆ ಕಾಣದ ಜೀವಿಗಳು ಮೊದಲು ಫಿಲ್ಟರಿನ ಸ್ಪಂಜಿನಲ್ಲಿ ಬೇರೂರಬೇಕು. ಅದಕ್ಕೆ ವಾರಗಟ್ಟಲೆ ಬೇಕು. ಅಲ್ಲಿಯ ತನಕ ಖಾಲಿ ನೀರನ್ನೇ ತಿರುಗಿಸುತ್ತ, ಆ ಜೀವಿಗಳಿಗೆ ದಿನಾ ಸ್ವಲ್ಪ ಸ್ವಲ್ಪ ವಿಷ ಉಣಿಸುತ್ತ ಕಾಯಬೇಕು. ಬೇರೆಯವರ ಮನೆಯಲ್ಲಾದರೆ ಸಿಗಡಿಯ ತುಂಡು ಹಾಕಿ ಕೊಳೆಸುತ್ತಾರೆ. ಲಿಂಗಾಯತರ ಮನೆ, ಅದಾಗದು, ಅವನು ಕಾಲೇಜಿನ ಲ್ಯಾಬಿನಿಂದ ಅಮೋನಿಯಾವನ್ನೇ ಸಣ್ಣ ಬಾಟಲಿಯಲ್ಲಿ ತಂದಿದ್ದ. ಎಲ್ಲವೂ ನಿಜ. ಆದರೆ ನೀರು ತಯಾರಾಗಿ ಒಂದು ವಾರದ ಮೇಲಾಗಿತ್ತು ಎಂಬುದನ್ನು ಮಾತ್ರ ಅವನು ಹೇಳಲಿಲ್ಲ.

ಅಕ್ಕವ್ವ ದಿನಾ ಸಂಜೆ ಮಂಚದಿಂದಲೇ ಕೇಳುತ್ತಿದ್ದಳು: “ಇವತ್ತೇನ ಬಣ್ಣೋ, ತಮ್ಮಾ?” ಅವನು ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ತೆಗೆದುಕೊಂಡು ಹನಿ ಹಾಕಿ ಅಲುಗಾಡಿಸಿ ತೋರಿಸುತ್ತಿದ್ದ. ಹಸಿರಾದರೆ ವಿಷ ಇದೆ, ಹಳದಿಯಾದರೆ ಇಲ್ಲ. ಮೊದಮೊದಲು ಹಸಿರು ತಾನಾಗಿಯೇ ಬರುತ್ತಿತ್ತು. ಹಳದಿ ಬಂದ ದಿನ ಅವಳು ನಿದ್ದೆ ಹೋಗಿದ್ದಳು, ಅವನು ಕೊಳವೆಯನ್ನು ಬಚ್ಚಲಲ್ಲಿ ತೊಳೆದುಬಿಟ್ಟ. ಮರುದಿನದಿಂದ ಅವಳು ಕೇಳುವ ಹೊತ್ತಿಗೆ ಸರಿಯಾಗಿ ನೀರಿಗೆ ಬಾಟಲಿಯಿಂದ ಅಮೋನಿಯಾ ಹಾಕಿ, ಕೂಡಲೇ ಪರೀಕ್ಷೆ ಮಾಡಿ, ಹಸಿರನ್ನೇ ತೋರಿಸುತ್ತಿದ್ದ. ಬಣ್ಣ ಸುಳ್ಳು ಹೇಳಲಿಲ್ಲವಲ್ಲ, ಅವನೂ ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವುದನ್ನು ಅವನು ಎಲ್ಲಿ ಕಲಿತನೋ.

ಈ ತೊಟ್ಟಿ ಬಂದದ್ದೇ ಅವಳನ್ನು ಹಿಡಿದಿಡಲು. ಮುಂಗಾರು ಹಿಡಿಯುವ ಮುಂಚೆ ಒಂದು ಸಂಜೆ ದವಾಖಾನೆಯಿಂದ ಬಂದವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತ, “ಸಾಕೋ ಓಂಕಾರಾ. ಇನ್ನ ನನಗ ಸೂಜಿ ಬ್ಯಾಡ. ಖಾನಾಪುರಕ್ಕ ಬಿಟ್ಟ ಬಾ,” ಅಂದಿದ್ದಳು. ಡಯಾಲಿಸಿಸ್ ನಿಲ್ಲಿಸಿದರೆ ಏನಾಗುತ್ತದೆಂದು ಡಾಕ್ಟರು ಅವಳ ಮುಂದೆಯೇ ಬಿಡಿಸಿ ಹೇಳಿದ್ದರು: ಹೆಚ್ಚೆಂದರೆ ಎರಡು ವಾರ. ಅವಳು ತಲೆಯಾಡಿಸಿ, ಅಷ್ಟು ಸಾಕು ಎಂಬಂತೆ ಸೆರಗು ಸರಿಮಾಡಿಕೊಂಡಿದ್ದಳು. ಅಲ್ಲೇನಿದೆ ಎಂದು ಓಂಕಾರ ಸಿಟ್ಟಿನಿಂದ ಕೇಳಿದ. ಗಂಡ ಹೋಗಿ ವರ್ಷಗಳಾಗಿದ್ದವು, ಮಕ್ಕಳಿಲ್ಲ, ಆ ಮನೆಯಲ್ಲಿ ಇದ್ದವಳು ನೆಗೆಣ್ಣಿ ಮಾಯಕ್ಕ ಒಬ್ಬಳೇ. “ಹೊಳಿ ಐತಿ. ಮೀನಾ ಅದಾವ,” ಅಂದಳು. ಮಲಪ್ರಭೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಚುರಮುರಿ ಚೆಲ್ಲುವುದು ಅವಳ ನಿತ್ಯದ ಕೆಲಸ. ಇಲ್ಲಿಗೆ ಬಂದ ಮೇಲೆ ತಪ್ಪಿತ್ತು. “ಮೀನಾ ನಾ ಇಲ್ಲೇ ತರ್ತೀನಿ. ಅವು ಬರೂತನಾ ಇರತಿ?” ಎಂದ ಅವನು, ಬಾಯಿಗೆ ಬಂದದ್ದನ್ನು. ಅವಳಿಗೆ ನಗು ಬಂತು. “ಇರ್ತೀನಿ ತಗೋ. ಮೀನಾ ಬಂದ ಮ್ಯಾಲ ಮಾತ್ರ ಬಿಟ್ಟ ಬರಬೇಕ. ಮಾತ ಕೊಡು.” ಅವನು ಕೊಟ್ಟ. ಮುಂದಿನ ಭಾನುವಾರವೇ ಹಳೆಯ ವಿದ್ಯಾರ್ಥಿ ಅಮರನ ಪೀರನವಾಡಿಯ ಅಂಗಡಿಯಿಂದ ಐದು ಅಡಿ ಉದ್ದದ ಗಾಜಿನ ತೊಟ್ಟಿ ಬಂತು. ಅಮರ ತನ್ನ ಅಂಗಡಿಯ ತೊಟ್ಟಿಯಿಂದ ಹಳೆಯ ಸ್ಪಂಜೊಂದನ್ನು ಕೊಡಲು ಬಂದ, ಅದನ್ನಿಟ್ಟರೆ ಆ ಜೀವಿಗಳು ಅದರ ಜೊತೆಗೇ ಬರುತ್ತವೆ, ಬೇಗ ಆಗುತ್ತದೆ ಎಂದ. ರೋಗ ಬರುತ್ತದೆಂದು ಹೇಳಿ ಓಂಕಾರ ಬೇಡ ಅಂದ. ಬೇಗ ಆಗುವುದು ಯಾರಿಗೆ ಬೇಕಿತ್ತು?

ಮನೆ ಮುಂದೆ ಸ್ಕೂಟರು ನಿಲ್ಲಿಸಿದಾಗ ಹೆಂಡತಿ ಪ್ರಮಿಳಾ ಮಾಡುತ್ತಿದ್ದ ಹೋಳಿಗೆಯ ವಾಸನೆ ಬರುತ್ತಿತ್ತು. ಪಾದಪೂಜೆಗೆಂದು ಪಕ್ಕದ ಮನೆಯ ಸತ್ಯವ್ವ ಆಗಲೇ ಬಂದು ಕೂತಿದ್ದಳು. ಅಯ್ಯನವರು ಬರುವ ದಿನವೆಂದರೆ ಈ ಮನೆಯಲ್ಲಿ ತೊಳೆಯದೆ ಬಿಟ್ಟ ವಸ್ತು ಇರುವುದಿಲ್ಲ. ಹೊಸ್ತಿಲು, ಮಣೆ, ತಂಬಿಗೆ, ಕಿಟಕಿಯ ಸರಳು, ಎಲ್ಲ ನೀರು ಕಂಡಿರಬೇಕು. ಅವನ ತಾಯಿ ಹೋದ ಮೇಲೆ ಆ ಪದ್ಧತಿಯನ್ನು ನಡೆಸಿಕೊಂಡು ಬಂದವಳು ಅಕ್ಕವ್ವ. ಹನ್ನೆರಡು ತುಂಬಿರದ ಹುಡುಗಿ, ಸೊಂಟದ ಮೇಲೆ ತಮ್ಮನನ್ನಿಟ್ಟುಕೊಂಡೇ ಹೊಸ್ತಿಲು ತೊಳೆದಳು ಎಂದು ಓಣಿಯವರು ಈಗಲೂ ಹೇಳುತ್ತಾರೆ. ಒಳಗೆ ಕಾಲಿಟ್ಟ ಓಂಕಾರನಿಗೆ ಮೊದಲು ಬಡಿದದ್ದು ಸದ್ದಿಲ್ಲದಿರುವುದು. ತೊಟ್ಟಿಯ ಮೇಲಿನ ಫಿಲ್ಟರ್ ನಿಂತಿತ್ತು. ಅದರ ಪೆಟ್ಟಿಗೆಯ ಮುಚ್ಚಳ ತೆಗೆದಿತ್ತು. ಕಿಟಕಿಯ ಬಳಿ, ಪ್ಲಾಸ್ಟಿಕ್ ಬುಟ್ಟಿಯಲ್ಲಿ, ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಬೆಳ್ಳಗಾದ ಸ್ಪಂಜುಗಳು ನೀರು ಸೋರಿಸುತ್ತ ಕೂತಿದ್ದವು. ಪಕ್ಕದಲ್ಲಿ ಅಕ್ಕವ್ವ. ಸೀರೆಯ ಮುಂಭಾಗವೆಲ್ಲ ಒದ್ದೆ. ಏದುಸಿರು ಬಿಡುತ್ತಿದ್ದಳು, ಮುಖದಲ್ಲಿ ಮಾತ್ರ ಎಷ್ಟೋ ತಿಂಗಳಿಂದ ಕಾಣದ ಗೆಲುವು.

“ಪ್ರಮಿಳಾ ಹೋಳಗಿ ಮಾಡಾಕತ್ತಿದ್ಳು. ನಾ ಕುಂತ ಕುಂತ ಏನ ಮಾಡ್ಲಿ ಅಂತ… ಎಷ್ಟ ಹೊಲಸ ಹಿಡದಿತ್ತೋ, ಸಬಕಾರ ಪುಡಿ ಹಾಕಿ ಹಾಕಿ ನಳದ ಕೆಳಗ ತಿಕ್ಕೀನಿ. ಈಗ ನೋಡು.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ಕಂದು ಜಿಗಟೇ ಅವನು ವಾರಗಟ್ಟಲೆ ಸಾಕಿದ್ದು. ಸಾಬೂನು, ಕ್ಲೋರಿನ್ನಿನ ನೀರು ಎರಡೂ ಬಿದ್ದ ಮೇಲೆ ಅದರಲ್ಲಿ ಏನೂ ಉಳಿದಿರಲಿಲ್ಲ. “ಬುದ್ಧಿ ಐತೇನ ನಿನಗ?” ಎಂದು ಒದರಿದ. ಸತ್ಯವ್ವ ಎದ್ದು ನಿಂತಳು. “ಯಾರ ಹೇಳಿದ್ರು ಮುಟ್ಟಂತ? ಸುಮ್ಮನ ಮಂಚದ ಮ್ಯಾಲ ಬಿದ್ದಿರಾಕ ಆಗೂದಿಲ್ಲೇನ? ಎಲ್ಲಾ ಹಾಳ ಮಾಡಿ ಕುಂತಾಳ ನೋಡ್ರಿ!” ಕೊನೆಯ ಮಾತನ್ನು ಅವಳಿಗೆ ಹೇಳದೆ, ನೆರೆದವರಿಗೆ ಹೇಳಿದ, ಕ್ಲಾಸಿನಲ್ಲಿ ದಡ್ಡ ಹುಡುಗನನ್ನು ನಿಲ್ಲಿಸಿ ಉಳಿದವರ ಕಡೆ ನೋಡುವ ಹಾಗೆ. ಅಕ್ಕವ್ವನ ಕೈ ಬುಟ್ಟಿಯ ಮೇಲಿತ್ತು. ಮೆಲ್ಲಗೆ ತೆಗೆದುಕೊಂಡು ಸೆರಗಿನಲ್ಲಿ ಒರೆಸಿಕೊಂಡಳು. “ಹೊಳ್ಯಾಗ ಹುಣಸಿಹಣ್ಣ ತೊಳದಂಗಾತಲ್ಲವಾ ನಿನ್ನ ಕೆಲಸಾ,” ಎಂದು ಸತ್ಯವ್ವ ಹಗುರ ಮಾಡಲು ನೋಡಿದಳು. ಅಯ್ಯನವರು, “ಇರ್ಲಿ ಬಿಡ್ರಿ ಮಾಸ್ತರ, ಹಿರ್ಯಾಕಿ,” ಅಂದರು. ಬಚ್ಚಲಿಗೆ ಹೋಗಿ ಕಾಲು ತೊಳೆಯುತ್ತ ನಿಂತ ಓಂಕಾರನಿಗೆ ತನ್ನೊಳಗೆ ಸಿಟ್ಟಿನ ಕೆಳಗೆ ಇನ್ನೇನೋ ಮಿಸುಕುತ್ತಿರುವುದು ಗೊತ್ತಾಯಿತು. ಅದು ಸಂತೋಷ. ಇನ್ನು ಹಸಿರು ಬಣ್ಣಕ್ಕಾಗಿ ಕಳ್ಳತನ ಬೇಕಿಲ್ಲ, ತೊಟ್ಟಿ ನಿಜವಾಗಿಯೂ ಕೆಟ್ಟಿದೆ, ಮತ್ತೆ ಐದಾರು ವಾರ ಅಕ್ಕ ಎಲ್ಲಿಗೂ ಹೋಗುವುದಿಲ್ಲ. ತಾನೇ ತನ್ನ ಕೈಯಾರೆ ಕಟ್ಟಿಹಾಕಿಕೊಂಡಳು. ತಣ್ಣೀರು ಕಾಲ ಮೇಲೆ ಬೀಳುತ್ತಿತ್ತು, ಅವನು ತನ್ನ ಬಗ್ಗೆ ಹೇಸಿಕೊಂಡ, ಆದರೆ ಸಂತೋಷ ಹೋಗಲಿಲ್ಲ.

ಪೂಜೆ ನಡೆಯಿತು. ಮಣೆಯ ಮೇಲೆ ಅಯ್ಯನವರ ಪಾದ, ಬಿಲ್ವಪತ್ರೆ, ವಿಭೂತಿ, ಪ್ರಮಿಳಾಳ ಸಣ್ಣ ದನಿಯ ಮಂತ್ರ. ಪಾದೋದಕ ಕೊಡುವಾಗ ಅಕ್ಕವ್ವನನ್ನು ಹಿಡಿದು ಮುಂದೆ ಕೂರಿಸಿದರು. ಅವಳು ಬಲಗೈ ಬಟ್ಟಲು ಮಾಡಿ ಒಡ್ಡಿದಳು. ಅಯ್ಯನವರು ನೀರು ಹಾಕಿದರು. ಸೊರ್ರನೆ ಸದ್ದಾಯಿತು. ಮತ್ತೆ ಒಡ್ಡಿದಳು, ಮತ್ತೆ ಹಾಕಿದರು. ವಾಡಿಕೆಯಂತೆ ಮೂರನೆಯದೂ ಆಯಿತು. ಆಮೇಲೂ ಆ ಕೈ ಹಿಂದೆ ಹೋಗಲಿಲ್ಲ. ಅಯ್ಯನವರು ಒಂದು ಗಳಿಗೆ ತಡೆದು ಮತ್ತೆ ತಂಬಿಗೆ ಬಾಗಿಸಹೋದರು. “ಸಾಕ್ರಿ ಅಯ್ನಾರ,” ಎಂದುಬಿಟ್ಟ ಓಂಕಾರ, “ಆಕಿಗೆ ನೀರ ಅಳದು ಕೊಡಬೇಕ್ರಿ, ಡಾಕ್ಟರ ಹೇಳ್ಯಾರ.” ತಂಬಿಗೆ ಹಾಗೇ ನಿಂತಿತು. ಅವಳ ಒಡ್ಡಿದ ಕೈಯೂ ನಿಂತಿತು. ಆ ಅಂಗೈಯನ್ನೇ ಅವಳು ನಾಲಗೆಯಿಂದ ಸವರಿಕೊಂಡದ್ದನ್ನು ಎಲ್ಲರೂ ನೋಡಿದರು, ಎಲ್ಲರೂ ನೋಡದವರ ಹಾಗೆ ಬೇರೆ ಕಡೆ ತಿರುಗಿದರು. ಅವಳ ಬೆನ್ನ ಹಿಂದೆ ಐದು ಅಡಿ ಉದ್ದದ ತೊಟ್ಟಿಯಲ್ಲಿ ನೀರು ತಿಳಿಯಾಗಿ ತುಂಬಿ ನಿಂತಿತ್ತು. ಬೆಳಗಿಗೆ ಒಂದು ಸಣ್ಣ ಲೋಟ, ಸಂಜೆಗೆ ಒಂದು ಲೋಟ ಎಂದು ಅಳೆದು ಕುಡಿಯುವವಳ ಮಂಚದ ಎದುರಿಗೆ ಅಷ್ಟು ನೀರನ್ನು ತಂದಿಟ್ಟಿದ್ದೇನೆ ಎಂಬುದು, ಇಷ್ಟು ವಾರಗಳಲ್ಲಿ, ಅವನಿಗೆ ಹೊಳೆದೇ ಇರಲಿಲ್ಲ.

ಊಟವಾಗಿ ಅಯ್ಯನವರು, ಸತ್ಯವ್ವ ಹೋದ ಮೇಲೆ ಅವನು ಮಂಚದ ಬಳಿ ಕುರ್ಚಿ ಎಳೆದುಕೊಂಡು ಕೂತ. ಅಕ್ಕವ್ವನ ಎಡಗೈಯಲ್ಲಿ ಸೂಜಿಗಾಗಿ ರಕ್ತನಾಳ ಜೋಡಿಸಿದ ಜಾಗ ಉಬ್ಬಿಕೊಂಡಿತ್ತು. ಮುಟ್ಟಿದರೆ ಒಳಗೆ ಝುಂ ಎನ್ನುತ್ತದೆ. ‘ನನ್ನ ಮೋಟರ್ ಚಾಲೂ ಐತಿ ನೋಡು’ ಎಂದು ಬಂದವರಿಗೆಲ್ಲ ಮುಟ್ಟಿಸಿ ನಗಿಸುತ್ತಿದ್ದವಳು ಇವತ್ತು ಅದನ್ನು ಸೆರಗಿನಡಿ ಇಟ್ಟುಕೊಂಡಿದ್ದಳು.

“ಸಿಟ್ಟಿಗೆ ಬಂದೆ ಅಕ್ಕಾ. ಬಿಡು.”

“ನಂದಽ ತಪ್ಪ. ನಂಗೇನ ಗೊತ್ತಾಗತೈತಿ.” ಸೆರಗನ್ನು ಇನ್ನಷ್ಟು ಎಳೆದುಕೊಂಡು, “ಈಗೇನ ಮಾಡೂದ?” ಎಂದಳು.

“ಮತ್ತ ಮೊದಲಿಂದ ಸುರು. ಐದಾರು ವಾರ ಹಿಡಿತೈತಿ.”

ಅವಳ ತುಟಿ ಒಣಗಿ ಬಿರಿದಿತ್ತು. ಗೋಡೆಯ ಕ್ಯಾಲೆಂಡರನ್ನು ನೋಡಿದಳು, ತನ್ನ ಕೈಯನ್ನು ನೋಡಿಕೊಂಡಳು. ಆ ಮುಖದ ಮೇಲೆ ಬೆಳಗಿನ ಗೆಲುವು ಎಲ್ಲಿತ್ತೋ ಅಲ್ಲಿ ಈಗ ಹೆದರಿಕೆ ಬಂದು ಕೂತಿತು, ಸಾಯುವುದರ ಹೆದರಿಕೆಯಲ್ಲ, ಬದುಕುವುದರದ್ದು. “ಐದಾರ ವಾರಾ?” ಎಂದಳು. ಆಮೇಲೆ, “ಆತು. ಮಾತ ಕೊಟ್ಟೇನಲ್ಲ,” ಎಂದು ಗೋಡೆ ಕಡೆ ಹೊರಳಿ ಮಲಗಿದಳು. ತಪ್ಪು ಮಾಡಿದ ಮೇಲೆ ಅನುಭವಿಸಲೇಬೇಕು ಎಂಬ ಹಾಗೆ, ಹಟವಿಲ್ಲದೆ, ಅಳದೆ ಒಪ್ಪಿಕೊಂಡಳು.

ಅಡುಗೆಮನೆಯಲ್ಲಿ ಪ್ರಮಿಳಾ ಪಾತ್ರೆ ಬೋರಲು ಹಾಕುತ್ತಿದ್ದಳು. ಅವನ ಕಡೆ ತಿರುಗದೆಯೇ, “ಹಳದಿ ಬಣ್ಣ ನಾನೂ ನೋಡೇನ್ರಿ,” ಅಂದಳು. “ನೀವು ಕಾಲೇಜಿಗೆ ಹೋದಾಗ ನಾ ಒಂದಿನ ಹನಿ ಹಾಕಿ ನೋಡ್ದೆ. ನೀವು ಸಂಜಿಕ್ಕ ಹಸರ ತೋರ್ಸಿದ್ರಿ.”

“ಮತ್ತ ಯಾಕ ಹೇಳ್ಲಿಲ್ಲ?”

“ನನಗೂ ಅಕ್ಕಾರು ಬೇಕಾಗ್ಯಾರ್ರಿ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಆದ್ರ ಬೈದ್ರಲ್ಲ, ಅದು ಖರೇನ ಬ್ಯಾಡಾಗಿತ್ತು. ಆ ಸ್ಪಂಜ್ ತಿಕ್ಕೂ ಮುಂದ ಎರಡ ಸಲ ಗ್ವಾಡಿ ಹಿಡಕೊಂಡ ನಿಂತಾರ. ನಾ ಬಿಡಸಾಕ ಹ್ವಾದ್ರ, ‘ಒಂದರೆ ಕೆಲಸ ಮಾಡಗೊಡವಾ, ಈ ಮನ್ಯಾಗ ಉಂಡೇನಿ’ ಅಂದ್ರು.”

ಓಂಕಾರ ಸ್ಕೂಟರಿನ ಕೀಲಿ ತೆಗೆದುಕೊಂಡು ಹೊರಟ. ಎಲ್ಲಿಗೆಂದು ಅವನಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದದ್ದನ್ನು ಒಪ್ಪಿಕೊಂಡಿರಲಿಲ್ಲ. ಊರು ದಾಟಿ, ದಂಡಿನ ಪ್ರದೇಶದ ಮರಗಳ ಕೆಳಗೆ ಹಾದು ಖಾನಾಪುರದ ರಸ್ತೆ ಹಿಡಿದಾಗ ಮತ್ತೆ ಹನಿಯಲು ಶುರುವಾಯಿತು. ಈ ದಿಕ್ಕಿಗೆ ಬಂದಾಗಲೆಲ್ಲ ಅವನಿಗೆ ರೈಲು ನೆನಪಾಗುತ್ತದೆ. ಅಕ್ಕನ ಮದುವೆಯಾದ ವರ್ಷ ಅವನು ಅವಳ ಜೊತೆ ಖಾನಾಪುರಕ್ಕೆ ಹೋಗಿ ತಿಂಗಳಾದರೂ ಹಿಂದಿರುಗಲು ಒಪ್ಪಿರಲಿಲ್ಲ. ಸಾಲೆ ಶುರುವಾಗಿತ್ತು. ಕೊನೆಗೆ ಅವಳೇ ಸ್ಟೇಷನ್ನಿಗೆ ಕರೆತಂದು, ಲೋಂಡಾ ಕಡೆಯಿಂದ ಬಂದ ಪ್ಯಾಸೆಂಜರಿನಲ್ಲಿ ಅಪ್ಪನ ಪಕ್ಕ ಕೂರಿಸಿ, ನಾನೂ ಬರ್ತೀನಿ, ಹೆಂಗಸರ ಡಬ್ಬಿಯಲ್ಲಿ ಕೂಡುತ್ತೇನೆ ಅಂದಿದ್ದಳು. ದೇಸೂರಿನಲ್ಲಿ ರೈಲು ನಿಂತಾಗ ಅವನು ಇಳಿದು ಹೆಂಗಸರ ಡಬ್ಬಿಯ ಕಿಟಕಿ ಕಿಟಕಿಯನ್ನೂ ಇಣುಕಿದ್ದ. ಯಾರೋ ಮುದುಕಿ ಪೇರಲ ಹಣ್ಣು ಕೊಟ್ಟಿದ್ದಳು. ಅಂದು ಅವನಿಗೆ ಬಂದದ್ದು ಅಳುವಲ್ಲ, ನಾಚಿಕೆ. ಇಷ್ಟು ದೊಡ್ಡವನಾಗಿ ನಂಬಿದೆನಲ್ಲ ಎಂದು. ಆದರೆ ಅವಳು ಆ ದಿನ ಸ್ಟೇಷನ್ನಿನಿಂದ ಮನೆಗೆ ಹೇಗೆ ನಡೆದು ಹೋಗಿರಬೇಕು ಎಂದು ಅವನು ಈವರೆಗೆ ಯೋಚಿಸಿರಲಿಲ್ಲ. ಅವಳಿಗೂ ಆಗ ಇಪ್ಪತ್ತು ದಾಟಿರಲಿಲ್ಲ. ಹನಿ ಜೋರಾಯಿತು. ಅವನು ರೇನ್‌ಕೋಟು ತಂದಿರಲಿಲ್ಲ.

ಪೀರನವಾಡಿಯಲ್ಲಿ ಅಮರ ಅಂಗಡಿಯ ತೊಟ್ಟಿಗಳಿಗೆ ಬೆಳಕು ಹಾಕುತ್ತಿದ್ದ. ಒದ್ದೆ ಮುದ್ದೆಯಾಗಿ ನಿಂತ ಮೇಷ್ಟ್ರನ್ನು ನೋಡಿ ಟವೆಲು ಕೊಟ್ಟ.

“ಆ ಹಳೇ ಸ್ಪಂಜ್ ಐತೇನ? ಹೊಲಸಾದದ್ದು?”

“ರೋಗ ಬರತೈತಿ ಅಂದಿದ್ರಿ, ಸರ್?”

“ಅಂದಿದ್ದೆ,” ಎಂದ ಓಂಕಾರ. “ಮೀನಾನೂ ಕೊಡು. ಹೊಳಿ ಮೀನದಂಗ ಇರೂವು. ಬೆಳ್ಳಿ ಬಣ್ಣದ್ದು.”

ಅಮರ ಬಾರ್ಬ್‌ ಎಂಬ ಬೆಳ್ಳಿ ಮೀನುಗಳನ್ನು ಬಲೆಯಿಂದ ಎತ್ತಿ ಗಾಳಿ ತುಂಬಿದ ಚೀಲಕ್ಕೆ ಹಾಕಿದ, ಸ್ಪಂಜನ್ನು ಅದೇ ತೊಟ್ಟಿಯ ನೀರಿನ ಜೊತೆ ಇನ್ನೊಂದು ಚೀಲದಲ್ಲಿ ಕಟ್ಟಿದ. “ಇಷ್ಟಕ್ಕಽ ಪೂರಾ ಆಗೂದಿಲ್ರಿ ಸರ್, ದಿನಾ ಅರ್ಧಾ ನೀರು ಬದಲಿ ಮಾಡ್ರಿ, ನಳದ ನೀರಿನ ಕ್ಲೋರಿನ್ ತಗದು ಹಾಕ್ರಿ,” ಎಂದು ಕಲಿಸಿಕೊಟ್ಟವನಿಗೇ ಕಲಿಸಿದ. ಓಂಕಾರ ಮೀನಿನ ಚೀಲವನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡು, ದಾರಿಯುದ್ದಕ್ಕೂ ಚರ್ಮದ ಮೇಲೆ ಅವುಗಳ ಒದ್ದಾಟ ಅನುಭವಿಸುತ್ತ ಬಂದ. ಎರಡು ಸಲ ಸ್ಕೂಟರು ನಿಲ್ಲಿಸಿದ. ಇನ್ನೂ ಕಾಲ ಮಿಂಚಿಲ್ಲ, ಇವನ್ನು ವಾಪಸ್ಸು ಕೊಟ್ಟು ಬರಬಹುದು, ಅವಳು ಒಪ್ಪಿಕೊಂಡಾಗಿದೆ, ಐದಾರು ವಾರ ಎಂದರೆ ಕಡಿಮೆಯಲ್ಲ. ಎರಡು ಸಲವೂ ಗೋಡೆ ಕಡೆ ಹೊರಳಿದ ಆ ಬೆನ್ನು ನೆನಪಾಗಿ ಮುಂದೆ ಹೋದ.

ದೀಪ ಹಚ್ಚುವ ಹೊತ್ತು. ಅವಳು ಎದ್ದು ಕೂತಿದ್ದಳು, ಪ್ರಮಿಳಾ ತಲೆ ಬಾಚುತ್ತಿದ್ದಳು. ಅವನು ಸ್ಪಂಜನ್ನು ಪೆಟ್ಟಿಗೆಯಲ್ಲಿಟ್ಟು ಫಿಲ್ಟರ್ ಚಾಲೂ ಮಾಡಿದ. ಚೀಲವನ್ನು ನೀರಿನ ಮೇಲೆ ತೇಲಿಬಿಟ್ಟು ಕಾದು, ಆಮೇಲೆ ಬಾಯಿ ಬಿಚ್ಚಿದ. ಮೀನುಗಳು ಮೊದಲು ಒಂದೇ ಮೂಲೆಗೆ ಹೋಗಿ ಕಲ್ಲಿನ ಹಿಂದೆ ಗುಂಪಾದವು. ಪ್ರಮಿಳಾಳ ಕೈಯಲ್ಲಿ ಬಾಚಣಿಗೆ ನಿಂತಿತು. ಅಕ್ಕವ್ವ ಕೇಳಲಿಲ್ಲ, ‘ಇವತ್ತೇನ ಬಣ್ಣ’ ಎಂದಾಗಲಿ, ‘ಐದಾರು ವಾರ ಅಂದಿದ್ದೆಯಲ್ಲ’ ಎಂದಾಗಲಿ. ಕಾಲು ಕೆಳಗಿಟ್ಟು, ಅವನ ಭುಜ ಹಿಡಿದು, ತೊಟ್ಟಿಯ ತನಕ ನಡೆದು ಬಂದು ಕುರ್ಚಿಯಲ್ಲಿ ಕೂತಳು. ಒಂದು ಮೀನು ಕಲ್ಲಿನ ಹಿಂದಿನಿಂದ ಹೊರಬಂದು ಗಾಜಿನ ಹತ್ತಿರ ಬಾಯಿ ತೆರೆದು ಮುಚ್ಚಿ ಮಾಡಿತು.

“ಎಷ್ಟ ಬೇಕ ಅಷ್ಟ ಕುಡಿತಾವ ನೋಡು,” ಅಂದಳು.

ಅವನು ಒಳಗೆ ಹೋಗಿ, ಅಳತೆಯ ಲೋಟವನ್ನು ಬಿಟ್ಟು, ತಂಬಿಗೆ ತುಂಬ ನೀರು ತಂದ. ಅವಳು ತಂಬಿಗೆಯನ್ನು ನೋಡಿದಳು, ಅವನನ್ನು ನೋಡಿದಳು. “ಡಾಕ್ಟರ?” “ಕುಡಿ ಅಕ್ಕಾ.” ಬಹಳ ಹೊತ್ತು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಎತ್ತಿ ಕುಡಿದಳು. ಗದ್ದದಿಂದ ಇಳಿದು ಕುತ್ತಿಗೆಯೆಲ್ಲ ತೊಯ್ದಿತು. ನಾಲ್ಕೈದು ಗುಟುಕಿಗೇ ಕೆಳಗಿಟ್ಟಳು. “ಸಾಕಾತು,” ಎಂದಳು, ತನಗೇ ಆಶ್ಚರ್ಯವಾದವಳಂತೆ. ತಂಬಿಗೆ ಮುಕ್ಕಾಲು ಹಾಗೇ ಉಳಿದಿತ್ತು. ಇಷ್ಟಕ್ಕಾಗಿ ಇವಳನ್ನು ಬೆಳಿಗ್ಗೆ ಅಷ್ಟು ಜನರ ಮುಂದೆ ಬೇಡಿಸಿದೆ ಎಂದುಕೊಂಡ ಓಂಕಾರ.

“ಮಾಯಕ್ಕಗ ಫೋನ್ ಹಚ್ಚು,” ಅಂದಳು.

ಹಚ್ಚಿದ. ಆ ಕಡೆ ಕುಕ್ಕರಿನ ಸೀಟಿ, ಟೀವಿಯ ಮರಾಠಿ ಸದ್ದು, ಅದರ ನಡುವೆ ಮಾಯಕ್ಕನ ದನಿ. ನಾಳೆ ಅಕ್ಕನನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿದ. “ಬರ್ರಿ ಬರ್ರಿ, ಮನಿ ಆಕಿದಽ ಐತಿ,” ಎಂದಳು ಮಾಯಕ್ಕ ಸಂಭ್ರಮದಿಂದ. “ನಾಳೆ ಆಕಿಗೆ ದವಾಖಾನಿ ಇರಂಗಿಲ್ಲೇನ್ರಿ? ಎಷ್ಟ ದಿವಸ ಇರಾಕ ಬರ್ತಾಳ?” ಓಂಕಾರ ಅಕ್ಕನ ಕಡೆ ನೋಡಿದ. ಅಕ್ಕವ್ವ ಕೈ ಚಾಚಿ ಫೋನು ತೆಗೆದುಕೊಂಡಳು.

“ಮಾಯಕ್ಕಾ, ನಾನಽ. ಇರಾಕ ಬರಾಕತ್ತೇನವಾ. ಹೊಳ್ಳಿ ಹೋಗಾಕಲ್ಲ.”

ಓಂಕಾರ ಅವಳ ಕಾಲ ಬಳಿ ಕುಸಿದು ಕೂತು, ಸಣ್ಣ ಹುಡುಗನ ಹಾಗೆ, ಸದ್ದು ಮಾಡಿ ಅತ್ತ. ಅವಳು ಒಂದು ಕೈಯಿಂದ ಅವನ ಒದ್ದೆ ತಲೆ ಸವರುತ್ತ, ಇನ್ನೊಂದು ಕೈಯಲ್ಲಿ ಫೋನು ಕಿವಿಗೆ ಒತ್ತಿಕೊಂಡು, ಈ ಸಲ ಹೊಳೆಗೆ ನೀರು ಎಷ್ಟು ಮೆಟ್ಟಿಲ ತನಕ ಬಂದಿದೆ ಎಂದು ಮಾಯಕ್ಕನನ್ನು ಕೇಳುತ್ತಿದ್ದಳು.